ಬೋಲ್ಟಿನ ಮೇಲಿನ ಕುಂಕುಮ

ದನಿ ಸಣ್ಣದು ಮಾಡಿ ಹೇಳುತ್ತೇನೆ, ಒಳಗೆ ಮಕ್ಕಳು ಮಲಗಿದ್ದಾರೆ. ಇದು ಕಟ್ಟುಕತೆಯಲ್ಲ. ನನ್ನ ಸೋದರಮಾವನ ಮಗ ಮೃತ್ಯುಂಜಯನಿಗೆ ಆದದ್ದು. ಸವಣೂರಿನಲ್ಲಿ ಕಾರುಗಳ ವೈರಿಂಗ್ ಮಾಡುವ ಗ್ಯಾರೇಜು ಅವನದು. ಅವನಿಗೆ ದೇವರ ಮೇಲೆಯೇ ನಂಬಿಕೆ ಅಷ್ಟಕ್ಕಷ್ಟೆ, ಇನ್ನು ದೆವ್ವದ ಮಾತೆತ್ತಿದರೆ ನಕ್ಕುಬಿಡುತ್ತಿದ್ದ. ಈಗ ನಗುವುದಿಲ್ಲ.

ಹೋದ ವರ್ಷ ಭಾದ್ರಪದ. ಶಿಗ್ಗಾಂವಿಯಿಂದ ಕೊನೆಯ ಬಸ್ಸಿಗೆ ಬಂದಿಳಿದು ಮನೆಯ ಕಡೆ ನಡೆದು ಹೊರಟಿದ್ದ. ದಾರಿಯಲ್ಲಿ ಒಂದು ಹಾಳು ಬಾವಿ, ಅದರ ಮಗ್ಗುಲಲ್ಲೇ ಅವನ ಗ್ಯಾರೇಜು. ಬಾವಿ ದಾಟುವಾಗ ಕೇಳಿಸಿತು...

ಟಿಕ್.

ನಿಂತ. ಬಾವಿಯೊಳಗೆ ಏನೋ ಬಿದ್ದಿರಬೇಕು ಅಂದುಕೊಂಡ.

ಟಿಕ್... ಟಿಕ್...

ಬಾವಿಯಿಂದಲ್ಲ, ಮುಚ್ಚಿದ ಶಟರಿನ ಒಳಗಿಂದ. ಕೀ ತಿರುವಿದರೂ ಸೆಲ್ಫ್ ಹಿಡಿಯದಿದ್ದಾಗ ಕಾರು ಮಾಡುತ್ತದಲ್ಲ, ಆ ಸದ್ದು. ಒಳಗಿದ್ದದ್ದು ಒಂದೇ ಕಾರು. ಅದರ ಬ್ಯಾಟರಿಯನ್ನು ಬೆಳಿಗ್ಗೆ ಅವನೇ ಬಿಚ್ಚಿ ಮನೆಗೆ ಒಯ್ದಿದ್ದ.

ಕಾರು ಯಾರದು ಅಂತ ಮೊದಲು ಹೇಳಬೇಕು. ಗಣಿತ ಕಲಿಸುತ್ತಿದ್ದ ವಿಜಯೀಂದ್ರ ಮಾಸ್ತರರದು, ಇಪ್ಪತ್ತೆರಡು ವರ್ಷದ ಬಿಳಿ ಗಾಡಿ. ಅವರ ಹೆಂಡತಿ ಗೋಪಿಕಾಬಾಯಿಯವರಿಗೆ ದಮ್ಮಿನ ಕಾಯಿಲೆ. ಆ ಮಾಘದಲ್ಲಿ ಒಂದು ರಾತ್ರಿ ಉಸಿರು ಕಟ್ಟಿತು. ಹಿಂದಿನ ಸೀಟಿನಲ್ಲಿ ಮಲಗಿಸಿ ಮಾಸ್ತರರು ಕೀ ತಿರುವಿದರು. ಟಿಕ್. ಮತ್ತೆ ತಿರುವಿದರು. ಟಿಕ್. ನೆರೆಯವರ ಗಾಡಿ ಬರುವ ಹೊತ್ತಿಗೆ ಆಕೆ ಅದೇ ಸೀಟಿನಲ್ಲಿ ಹೋಗಿಬಿಟ್ಟಿದ್ದರು.

ಅದಕ್ಕೆ ಒಂದು ತಿಂಗಳ ಮೊದಲು ಮೃತ್ಯುಂಜಯ ಬ್ಯಾಟರಿ ಬದಲಿಸಿರಿ ಎಂದಿದ್ದ, ಮಾಸ್ತರರು ನೋಡೋಣ ಅಂದಿದ್ದರು. ಆ 'ನೋಡೋಣ' ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಏಳು ತಿಂಗಳಾದ ಮೇಲೆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಗ್ಯಾರೇಜಿಗೆ ಬಂದರು.

"ರಿಪೇರಿ ಆಗ್ಲಿ ಬಿಡ್ಲಿ. ಆ ರಾತ್ರಿ ಯಾಕ ಚಾಲೂ ಆಗಲಿಲ್ಲ, ಅಷ್ಟ ಹೇಳು," ಅಂದರು.

ಗಾಡಿಯ ರೋಗ ಒಂದೆರಡಲ್ಲ. ಹಾರ್ನ್ ಒತ್ತಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ವೈಪರ್ ನಡುಗುತ್ತಿತ್ತು. ಹೊಸ ಬ್ಯಾಟರಿ ಇಟ್ಟು ನೋಡಿದ, ಅದೇ ಟಿಕ್. ಸೆಲ್ಫ್ ಬಿಚ್ಚಿದ, ಸರಿಯಾಗಿತ್ತು. ಕೀ ಸ್ವಿಚ್ಚೂ ಸರಿ. ಮೂರನೆಯ ದಿನ ಬ್ಯಾಟರಿಯಿಂದ ಗಾಡಿಯ ತಗಡಿಗೆ ಬರುವ ಅರ್ಥಿಂಗ್ ವೈರಿನ ಬದಲು ಬೇರೊಂದು ವೈರು ಹಿಡಿದು ಕೀ ತಿರುವಿದ. ಒಂದೇ ಏಟಿಗೆ ಚಾಲೂ ಆಯಿತು. ಎಲ್ಲ ರೋಗಕ್ಕೂ ಮೂಲ ಆ ವೈರಿನ ಬೋಲ್ಟು. ಅದರ ಮೇಲೆ ಕೆಂಪಗೆ ಹೆಪ್ಪುಗಟ್ಟಿತ್ತು. ತುಕ್ಕು ಅಂದುಕೊಂಡು ಕೆರೆದ...

ಕುಂಕುಮ. ಅದರಡಿ ಅರಿಷಿಣ. ಅದರಡಿ ಮತ್ತೆ ಕುಂಕುಮ.

ಅವನ ಕೈ ಅಲ್ಲೇ ನಿಂತಿತು. ಗಾಡಿ ಹೊಸದಿದ್ದಾಗ, ಅವನಿನ್ನೂ ಕೆಲಸ ಕಲಿಯುತ್ತಿದ್ದಾಗ, ಗಾಡಿಯ ಜೀವ ಎಲ್ಲಿರುತ್ತದೆ ಅಂತ ಗೋಪಿಕಾಬಾಯಿ ಕೇಳಿದ್ದರು. ಇವನು ದೊಡ್ಡ ಮೇಸ್ತ್ರಿಯ ಹಾಗೆ ಆ ಬೋಲ್ಟು ತೋರಿಸಿದ್ದ. ಅಂದಿನಿಂದ ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಆಕೆ ಅಲ್ಲಿಗೇ ನೀರು ಚಿಮುಕಿಸಿ ಅರಿಷಿಣ ಕುಂಕುಮ ಏರಿಸಿದ್ದರು. ಆ ನೀರೇ ಬೋಲ್ಟನ್ನು ತಿಂದು, ಕರೆಂಟು ಹರಿಯದಂತೆ ಮಾಡಿತ್ತು.

ಇದನ್ನು ಹೇಗೆ ಹೇಳುವುದು? ನಿಮ್ಮ ಹೆಂಡತಿ ಮಾಡಿದ ಪೂಜೆಯೇ ಅವರಿಗೆ ಮುಳುವಾಯಿತು, ಆ ಜಾಗ ತೋರಿಸಿದವನು ನಾನು ಅಂತ ಹೇಳಬೇಕೆ? ಗಾಡಿಗೆ ವಯಸ್ಸಾಗಿದೆ ಅಂದುಬಿಟ್ಟ. ಮಾಸ್ತರರು ನಂಬಲಿಲ್ಲ.

"ನನ್ನ ಸಮಾಧಾನಕ್ಕ ಹೇಳ್ತಿ. ಬ್ಯಾಟರಿನ ಅದು. ನಾ ಮುಂದ ಹಾಕಿದೆ, ಅಕಿ ಹೋದ್ಳು," ಅಂದು ಎದ್ದು ಹೋದರು.

ಅಂದು ರಾತ್ರಿಯೇ ಆ ಸದ್ದು.

ಶಟರ್ ಎತ್ತಿದ. ಕರ್ರ್... ಬ್ಯಾಟರಿ ಇಲ್ಲದ ಕಾರಿನೊಳಗೆ ಸಣ್ಣ ದೀಪ ಹತ್ತಿತ್ತು. ಹಿಂದಿನ ಸೀಟಿನಿಂದ ಉಸಿರು ಎಳೆಯುವ ಸದ್ದು. ಸುಂಯ್... ಸುಂಯ್... ನಡುವೆ ಗಾಜಿನ ಬಳೆ ಒಂದಕ್ಕೊಂದು ತಾಗಿದವು.

"ತಮ್ಮಾ... ಅವರಿಗೆ ಖರೇ ಹೇಳಪಾ."

ಶಟರು ಹಿಡಿದುಕೊಂಡೇ ಅವನು ಅಂದ. "ಹೇಳಿದ್ರ ತಪ್ಪು ನಿಮ್ಮ ಮ್ಯಾಲ ಬರ್ತೈತ್ರಿ, ಬಾಯೇರ."

"ಬರ್ಲಿ... ಅವರು ಊಟಾ ಬಿಟ್ಟಾರ."

ದೀಪ ಆರಿತು.

ಬೆಳಗಾಗುತ್ತಲೇ ಮಾಸ್ತರರನ್ನು ಕರೆತಂದು ಬೋಲ್ಟು ತೋರಿಸಿದ. ತಾನು ಜಾಗ ತೋರಿಸಿದ್ದನ್ನೂ ಮುಚ್ಚಿಡಲಿಲ್ಲ. ಬೈಯುತ್ತಾರೆ ಅಂತ ತಲೆ ತಗ್ಗಿಸಿ ನಿಂತಿದ್ದ. ಅವರು ಕೆರೆದಿಟ್ಟ ಕುಂಕುಮದ ಚೂರನ್ನು ಅಂಗೈಯಲ್ಲಿಟ್ಟುಕೊಂಡರು.

"ಪ್ರತಿ ವರ್ಷಾ ಕುಂಕುಮದ ಬಟ್ಟಲಾ ಹಿಡಕೊಂಡು ಬಾಜೂಕ ನಿಂತಾಂವ ನಾನ," ಅಂದರು. "ಎಷ್ಟ ಪ್ರೀತೀಲೆ ಹಚ್ತಿದ್ಳು."

ಹೆಂಡತಿ ಸತ್ತ ದಿನವೂ ಅಳದ ಮನುಷ್ಯ ಅಂದು ಅತ್ತರಂತೆ. ಮಧ್ಯಾಹ್ನ ಮೃತ್ಯುಂಜಯನ ಮನೆಯಲ್ಲೇ ಕುಂತು ಎರಡು ರೊಟ್ಟಿ ತಿಂದರು. ಮಡಿವಂತರಾದ ಅವರು ಹೊರಗೆ ಉಂಡದ್ದನ್ನು ನಮ್ಮ ಓಣಿಯಲ್ಲಿ ಯಾರೂ ಕಂಡಿರಲಿಲ್ಲ.

ಹೊಸ ಬೋಲ್ಟು, ಹೊಸ ವೈರು ಹಾಕಿ ಗಾಡಿ ಮನೆ ಸೇರಿತು. ಮುಂದಿನ ತಿಂಗಳು ಖಂಡೇನವಮಿ. ವರ್ಷಾಂತಿಕ ಆಗುವವರೆಗೆ ಮಾಸ್ತರರ ಮನೆಯಲ್ಲಿ ಹಬ್ಬವಿಲ್ಲ, ಪೂಜೆಯಿಲ್ಲ. ಅವರು ಮಗಳು ದೀಪ್ತಿಯ ಮನೆಗೆ ಹೋಗಿ, ಕಾರು ನಿಲ್ಲಿಸಿದ ಶೆಡ್ಡಿನ ಇದ್ದೊಂದು ಕೀಲಿಯನ್ನು ಮೃತ್ಯುಂಜಯನ ಕೈಗೆ ಕೊಟ್ಟಿದ್ದರು. ನಾಲ್ಕು ದಿನಕ್ಕೊಮ್ಮೆ ಚಾಲೂ ಮಾಡು ಎಂದಿದ್ದರಂತೆ. ನವಮಿಯ ಮರುದಿನ ಬೆಳಿಗ್ಗೆ ಅವನ ಜೊತೆ ನಾನೂ ಹೋಗಿದ್ದೆ. ಬೀಗ ತೆಗೆದವನು ಅವನು, ಬಾನೆಟ್ ಎತ್ತಿದವನು ನಾನು. ಯಾರದೋ ಬಾಯಿಂದ ಕೇಳಿ ಹೇಳುತ್ತಿಲ್ಲ, ಈ ಎರಡು ಕಣ್ಣಿಂದ ನೋಡಿದ್ದೇನೆ.

ಕುಂಕುಮ ಇತ್ತು. ಒಂದೇ ಬೊಟ್ಟು. ನೀರು ತಾಕಿಸದ ಒಣ ಕುಂಕುಮ. ಬೋಲ್ಟಿನ ಮೇಲಲ್ಲ... ಅದರಿಂದ ಒಂದು ಗೇಣು ದೂರ, ಬಣ್ಣದ ತಗಡಿನ ಮೇಲೆ.