ಯಾರ ಮಗ್ನಲಾ ನೀನು

ರಾಯಕೋಟೆಗೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಅಕ್ಕ ತಮ್ಮನ ಮಾತು ರಂಜಿನಿ ಟೀಚರ ಕಿವಿಗೆ ತಾನಾಗಿಯೇ ಬೀಳುತ್ತಿತ್ತು. ಅಕ್ಕ ಭದ್ರಮ್ಮನ ಬೋರ್‌ವೆಲ್ ಕೇಬಲ್ಲನ್ನು ಯಾರೋ ಕೊಯ್ದೊಯ್ದಿದ್ದರು. ಪೊಲೀಸರಿಗೆ ದೂರು ಕೊಡಲು ತಮ್ಮ ದಾಸಪ್ಪ ಜೊತೆಗೆ ಬಂದಿದ್ದ.

"ಕಳ್ತನ ಸುಮ್ನೆ ಹೆಚ್ಚಿಲ್ಲಕ್ಕ, ಹೆದರಿಕೆ ಹೋಗೈತೆ. ನಮ್ ಕಾಲದಾಗೆ ದಾರೀಲಿ ಸಿಕ್ಕಿದ ಹುಡುಗ್ರನ್ನೆಲ್ಲ 'ಯಾರ ಮಗ್ನಲಾ ನೀನು' ಅಂತ ಕೇಳೋರು. ಅಷ್ಟಕ್ಕೇ ನಡುಗ್ತಿದ್ವಿ."

"ಹೂಂ."

"ಈಗ ಹೇಳೋರಿಲ್ಲ, ಕೇಳೋರಿಲ್ಲ. ಅದಕ್ಕೇ ಊರು ಕೆಟ್ಟೋಯ್ತು."

"ಕೇಬಲ್ ಹೋದ್ ದಿನ ಬೆಳಗ್ಗೆ ನೀನು ಟೊಮೇಟೊಗೆ ನೀರು ಕಟ್ಟಾಕೆ ಹೋಗಿದ್ಯಲ್ಲ. ಚೀಲ ಹೊತ್ಕೊಂಡು ಒಬ್ಬ ಎದುರಿಗೇ ಬಂದ ಅಂದ್ಯಲ್ಲ. ಅವನ್ನ ನೀನು ಕೇಳಿದ್ಯೇನ್ಲಾ?"

ಬಸ್‌ಸ್ಟ್ಯಾಂಡ್ ಹತ್ತಿರವಾದಾಗ ದಾಸಪ್ಪ ಮೆಲ್ಲಗೆ ಹೇಳಿದ.

"ನನ್ ಮಗನ್ನೇ ಹೆಂಗಕ್ಕ ಕೇಳ್ಲಿ, ಯಾರ ಮಗ ಅಂತ?"

ಭದ್ರಮ್ಮ ಬೈಯಲಿಲ್ಲ. ಬಸ್ಸು ನಿಂತ ಮೇಲೆ ತಮ್ಮನ ಭುಜ ಹಿಡಿದು ಇಳಿದಳು. ಇಬ್ಬರೂ ಠಾಣೆಯ ಕಡೆ ತಿರುಗದೆ, ಊರಿಗೆ ವಾಪಸು ಹೊರಟಿದ್ದ ಬಸ್ಸಿನತ್ತ ನಡೆದರು. ಕಿಟಕಿಯಿಂದ ರಂಜಿನಿಗೆ ಕೇಳಿಸಿದ್ದು ಇಷ್ಟೇ:

"ಅವನಿಗೆ ಸೋದರತ್ತೆ ನಾನಿದ್ದೀನಲ್ಲ. ಯಾರ ಅಳಿಯನ್ಲಾ ನೀನು ಅಂತ ನಾನು ಕೇಳ್ತೀನಿ, ನಡಿ."