ತೊದಲು ಹೊಸ್ತಿಲ ದಾಟಿದ ಕತಿ

ಕುಂತ್ರೇನ್ರಿ ಎಲ್ಲಾರೂ? ಹಿಂದಿನವ್ರು ಮುಂದ ಬರ್ರಿ. ಒಂದು ಮಾತು, ನಡುವ ಯಾರೂ ಬಾಯಿ ಹಾಕಬ್ಯಾಡ್ರಿ. ಯಾಕಂತ ಆಮ್ಯಾಲ ಗೊತ್ತಾಕ್ಕೈತಿ.

ಯಾವ ಕಾಲೋ, ಯಾವ ಸೀಮಿಯೋ, ಒಂದು ಊರಿತ್ತು. ಅಲ್ಲಿ ಕೂಸು ತಡದು ತಡದು ಮಾತಾಡಿದ್ರ 'ತೊದಲು' ಅಂತಿದ್ರು. ದೊಡ್ಡವ್ರು ಹಂಗ ಮಾತಾಡಿದ್ರ 'ಮುರುಕು ಮಾತು' ಅಂತಿದ್ರು. ತೊದಲಿಗೆ ಮುದ್ದು, ಮುರುಕಿಗೆ ನಗಿ. ನ್ಯಾಯೇನ್ರಿ ಇದು?

ಆ ಊರಿನ ಬಾಳಪ್ಪನ ಹೆಂಡತಿಯಾಗಿ ನಿಂಬೆವ್ವ ಬಂದ್ಳು. ಗುಣದಾಗ ಬಂಗಾರ. ಖರೇ, ಮಾತು ನಾಲಿಗಿ ತುದಿಗೆ ಬಂದು ನಿಂತಬಿಡ್ತಿತ್ತು.

ಅಲ್ಲಿ ಪದ್ಧತಿ ಹೆಂಗ? ಹೊಸ ಸೊಸಿ ಒಂದು ಒಡಪು, ಅಂದ್ರ ಪ್ರಾಸದ ಸಣ್ಣ ಪದ ಕಟ್ಟಿ, ಅದರಾಗ ಗಂಡನ ಹೆಸರು ಹೇಳಬೇಕು. ಆಮ್ಯಾಲನ ಹೊಸ್ತಿಲ ಮ್ಯಾಲಿನ ಅಕ್ಕಿ ಸೇರು ಒದ್ದು ಒಳಗ ಬರಬೇಕು. ಹೇಳದಿದ್ರ? ತವರಿಗೆ ವಾಪಸ್. ಪಾಪ, ನಿಂಬೆವ್ವ ದಾರಿಯುದ್ದಕ್ಕೂ ಒಡಪು ಮನಸಿನ್ಯಾಗ ಹೇಳ್ಕೋತನ ಬಂದಿದ್ಳು. ಹೊಸ್ತಿಲ ಮುಂದ ಬಂದು ನಿಂತ್ಳು, ಹೆಂಗಸ್ರು ಸುತ್ತ ಕೂಡಿದ್ರು.

ಮೊದಲನೇ ಸರ್ತಿ ಬಾಯಿ ತಗದ್ಳು. "ಹಾ... ಹಾ..."

"ಹಾಗಲಕಾಯಿ ಅಂತಾಳ" ಅಂದ್ಳು ಒಬ್ಬಾಕಿ. ಎಲ್ಲಾರೂ ನಕ್ರು.

ಎರಡನೇ ಸರ್ತಿ ಒಡಪಿನ ಮೊದಲನೇ ಮಾತು 'ಹಾಲು' ಅನ್ನೂದು ದಾಟಿದ್ಳು. "ಮೊ... ಮೊ..."

"ಮೊರಾ ಬೇಕೇನವಾ?" ಅಂದ್ಳು ಮತ್ತೊಬ್ಬಾಕಿ. ಮತ್ತ ನಕ್ರು.

ಮೂರನೇ ಸರ್ತಿ ಒಡಪು ಬಿಟ್ಟು ಸೀದಾ ಹೆಸರಿಗೆ ಬಂದ್ಳು. "ಬಾ... ಬಾ..."

"ಬಾಬಣ್ಣ!" ಅಂತ ಮೂರನೇದಾಕಿ ನೆರವಿಗೆ ಬಂದ್ಳು. ಬಾಬಣ್ಣ ಯಾರು? ನಿಂಬೆವ್ವನ ಮಾವ! ಹೆಂಗಸ್ರು ಹೊಟ್ಟಿ ಹಿಡಕೊಂಡು ನಕ್ರು. ಇಂಥಾ ನೆರವು ವೈರಿಗೂ ಬ್ಯಾಡ.

ಬಾಳಪ್ಪನ ಸೋದರತ್ತಿ ತಂಗೆವ್ವ ಆ ಮನ್ಯಾಗನ ಇರಾಕಿ, ಬಾಯಿ ಭಾಳ ಜೋರು. "ಸಾಕು ಬಿಡವಾ. ಮುರುಕು ಬಾಯಿಗೆ ನಮ್ಮ ಹುಡುಗನ ಹೆಸರು ದಕ್ಕೂದಿಲ್ಲ. ಗಾಡಿ ತಿರುಗಸ್ರಿ" ಅಂದ್ಳು. ನಿಂಬೆವ್ವಗ ಅಳು ಒತ್ತಿ ಬಂತು. ಅವ್ವಗ ಹೆಂಗ ಮುಖಾ ತೋರಸಲಿ ಅಂತ ಸೆರಗು ಕಚ್ಚಿ ನಿಂತ್ಳು.

ಅಷ್ಟರಾಗ ಏನಾತು ಕೇಳ್ರಿ. ಬಾಳಪ್ಪನ ಅಜ್ಜಿ ತೊಡಿ ಮ್ಯಾಲಿದ್ದ ಮರಿಮೊಮ್ಮಗ "ಅ... ಅ..." ಅಂದ. ಎಲ್ಲಾರೂ ಗಪ್ಪಚಿಪ್ಪ. ಒಬ್ರೂ ನಡುವ ಬಾಯಿ ಹಾಕಲಿಲ್ಲ. "ಅ... ಅಜ್ಜಿ" ಅಂದ. ತಂಗೆವ್ವ ಓಡಿ ಬಂದು ಲಟಿಗಿ ಮುರದು ದೃಷ್ಟಿ ತಗದ್ಳು.

ಅಜ್ಜಿ ತನ್ನ ಮಗಳು ತಂಗೆವ್ವನ್ನ ಕೇಳಿದ್ಳು, "ತಂಗೀ, ಇಂವಾ ತಡದಾಗ ಯಾಕ ಸುಮ್ಮನ ಕಾದಿ?"

"ತೊದಲಲ್ಲೇನವಾ ಅದು? ಕೇಳಾಕ ಚಂದ."

"ಹಂಗಾದ್ರ ಇದೂ ತೊದಲ. ಇದಕ್ಕೂ ಕಾಯಿ. ತಾಳಿದವರು ಬಾಳ್ಯಾರು."

ನಿಂಬೆವ್ವ ಸೆರಗು ಬಿಟ್ಳು, ಉಸಿರು ತಗೊಂಡ್ಳು. ನಿಂತ್ಳು, ತಡದ್ಳು, ಮತ್ತ ಹೇಳಿದ್ಳು. ಯಾರೂ ಅವಸರ ಮಾಡಲಿಲ್ಲ.

"ಹಾಲು ಮೊಸರಾಗಾಕ ಬೇಕು ಹೊತ್ತು,
ಮೊಗ್ಗು ಹೂವಾಗಾಕ ಬೇಕು ಹೊತ್ತು,
ಬಾಳಪ್ಪನ ಹೆಸರು ನನ್ನ ಬಾಯಾಗಿನ ಮುತ್ತು."

ಅಂದವಳ ಸೇರು ಒದ್ಳು ನೋಡ್ರಿ, ಅಕ್ಕಿ ದೇವರ ಮನಿ ತನಕ ಹೋತು!

ಅವತ್ತಿನಿಂದ ಆ ಊರಾಗ 'ಮುರುಕು ಮಾತು' ಅನ್ನೂದ ನಿಂತುಹೋತು. ಕೂಸಿಂದೂ ತೊದಲ, ದೊಡ್ಡವ್ರದೂ ತೊದಲ. ಮುಂದ ವಯಸ್ಸಾಗಿ ಹಲ್ಲೆಲ್ಲಾ ಉದುರಿ ತಂಗೆವ್ವನೂ ತೊದಲಾಕ ಹತ್ತಿದ್ಳು. ಆಗ ಆಕಿ ಮಾತು ಮುಗಿಯೋ ತನಕ ಪಕ್ಕದಾಗ ಕಾದು ಕೂಡ್ತಿದ್ದಾಕಿ ಯಾರಂತೀರಿ? ನಿಂಬೆವ್ವನ.

ಅವರು ಒಳಗ ಹೋದ್ರು, ಕತಿ ಹೊರಗ ಬಂತು. ಏಳ್ರಿ, ಎಲಿ ಹಾಕ್ಯಾರ, ಉಣ್ಣಾಕ ನಡೀರಿ.