ಬಾವಿ ನೀರಿನ ಅಡ್ಡ ಪುಟ

ಮಗನ ಅಂಕಪಟ್ಟಿ ಜೆರಾಕ್ಸ್ ಮಾಡಿಸಲು ಹೊಳಲ್ಕೆರೆಯ ಡಿಟಿಪಿ ಅಂಗಡಿಯಲ್ಲಿ ನಿಂತಿದ್ದೆ. ನನಗಿಂತ ಮುಂದಿದ್ದ ಹಿರಿಯರು ತೀರಿಕೊಂಡ ಮಗಳು ಊರ ಬಾವಿಗಳ ಬಗ್ಗೆ ಬರೆದ ಪ್ರಬಂಧವನ್ನು ಕಾಲೇಜಿಗೆ ಕೊಡಲೆಂದು ಪ್ರಿಂಟ್ ಹಾಕಿಸುತ್ತಿದ್ದರು. ಬಾವಿಗಳ ಪಟ್ಟಿ ಬಂದಾಗ ಕಂಪ್ಯೂಟರ್ ಮುಂದಿನ ಹುಡುಗಿ ತಡೆದಳು.

“ಅಂಕಲ್, ಈ ಟೇಬಲ್ ಅಗಲ ಜಾಸ್ತಿ ಐತೆ. ಕಡೇ ಕಾಲಂ ಹಾಳೆಯಿಂದ ಆಚೆ ಹೋಗ್ತತೆ.”

“ಅಕ್ಷರ ಸಣ್ಣ ಮಾಡವ್ವ.”

“ಇನ್ನೂ ಸಣ್ಣ ಮಾಡಿದ್ರೆ ಇರುವೆ ಸಾಲು ಕಂಡಂಗೆ ಕಾಣ್ತತೆ. ಆ ಕಾಲಂ ತೆಗೆದುಬಿಡ್ಲಾ? ‘ನೀರಿನ ರುಚಿ, ಊರವರು ಹೇಳಿದಂತೆ’ ಅಂತೈತೆ. ಅರ್ಧ ಖಾಲಿನೇ ಐತೆ.”

“ಅದನ್ನ ಮುಟ್ಟಬ್ಯಾಡ. ನಮ್ ಶಿವಗಂಗಾ ಊರೂರಿಗೆ ಹೋಗಿ ಮುದುಕೇರನ್ನ ಕೇಳ್ಕೊಂಡು ಬರ್ದಾಳೆ. ಬಿ.ದುರ್ಗದ ಬಾವಿವರೆಗೂ ಆಗಿತ್ತು. ಅಷ್ಟೊತ್ತಿಗೆ ಆಸ್ಪತ್ರೆ ಸೇರಿದ್ಲು.”

ಹುಡುಗಿ ಆ ಕಾಲಂ ಅನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಓದಿದಳು.

“ಹಂಗಾರೆ ಈ ಪುಟ ಅಡ್ಡ ಮಾಡ್ತೀನಿ.”

“ನಿನ್ನೆ ಇನ್ನೊಂದು ಅಂಗಡಿಯೋನು ಹಂಗೇ ಅಂದು ಪುಸ್ತಕನೇ ಅಡ್ಡ ಮಲಗಿಸಿಬಿಟ್ಟ, ಪುಣ್ಯಾತ್ಮ.”

“ಹಿಂದೊಂದು, ಮುಂದೊಂದು ಸೆಕ್ಷನ್ ಬ್ರೇಕ್ ಹಾಕಿದ್ರೆ ಇದೊಂದೇ ಅಡ್ಡ ಆಗ್ತತೆ. ಮಿಕ್ಕಿದ್ದು ನೆಟ್ಟಗಿರ್ತತೆ. ಆ ಕಾಲಂನ ಖಾಲಿ ಮನೆಗಳಿಗೆ ಗೆರೆ ಎಳೀಲಾ?”

“ಬ್ಯಾಡವ್ವ. ಅವಳು ಬಿಟ್ಟಂಗೇ ಇರ್ಲಿ.”

“ಆದ್ರೆ ಓದೋರು ಆ ಪುಟಕ್ಕೆ ಬಂದಾಗ ಪುಸ್ತಕ ಹೊರಳಿಸಿ ಹಿಡೀಬೇಕಾಗ್ತತೆ.”

“ನನ್ನ ಮಗಳ ಸಲುವಾಗಿ ಅಷ್ಟು ಮಾಡ್ಲಿ ಬಿಡು.”

ಹಾಳೆಗಳು ಬಂದವು. ಹಿರಿಯರು ಬಾವಿಗಳ ಪುಟವೊಂದನ್ನು ಮಾತ್ರ ಮೇಲಿಟ್ಟುಕೊಂಡು, ಅಡ್ಡ ಹಿಡಿದು, ತುಟಿಯಾಡಿಸಿ ಓದುತ್ತಲೇ ಬೈಂಡಿಂಗ್ ಅಂಗಡಿಯ ಕಡೆ ಹೋದರು.